ಸರ್ಚುವಿನಲ್ಲಿ ಮಲಗಬೇಡಿ

ಬೆಂಗಳೂರಿನಿಂದ ಲೇಹ್‌ಗೆ ಸ್ವಂತ ಕಾರಲ್ಲಿ ಹೊರಡುವವರು ಟೈರು, ಬ್ರೇಕು, ಕೂಲೆಂಟ್ ಎಲ್ಲ ಚೆಕ್ ಮಾಡಿಸುತ್ತಾರೆ. ರಾತ್ರಿ ಎಲ್ಲಿ ಮಲಗುವುದು ಅಂತ ಕೇಳಿದರೆ, 'ಕತ್ತಲಾದ ಕಡೆ' ಅನ್ನುತ್ತಾರೆ. ಮನಾಲಿ ದಾಟಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ.

ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ. ಬೆಳಗ್ಗೆ ಹೊರಟರೆ ಸಂಜೆಗೆ ಲೇಹ್ ದಾರಿಯ ತಂಗುದಾಣವಾದ ಸರ್ಚುವಿನ ಟೆಂಟುಗಳು ಸಿಗುತ್ತವೆ. ಅದು ಹತ್ತಿರ ಹತ್ತಿರ 4,300 ಮೀಟರ್. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲಂತೂ ಇನ್ನೂ ಬೇಗ ಮುಟ್ಟುತ್ತೀರಿ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ಶೇಕಡಾ 21ರಷ್ಟೇ ಇದೆ. ಆದರೆ ಗಾಳಿಯ ಒತ್ತಡ ಕಡಿಮೆ. ಹಾಗಾಗಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಬೆಂಗಳೂರಿನದರ ಮೂರರಲ್ಲಿ ಎರಡು ಪಾಲಷ್ಟೇ.

ಇದಕ್ಕೆ ಮೈ ಜಾಸ್ತಿ ಉಸಿರಾಡಿ ಉತ್ತರ ಕೊಡುತ್ತದೆ. ಆಗ ರಕ್ತದಿಂದ ಕಾರ್ಬನ್ ಡೈಆಕ್ಸೈಡ್ ವಿಪರೀತ ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ. ಮಿದುಳು 'ಸಾಕು, ನಿಧಾನ' ಅಂತ ಉಸಿರಿಗೆ ಬ್ರೇಕ್ ಹಾಕುತ್ತದೆ. ಹೆಚ್ಚಾದ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಮೂತ್ರಪಿಂಡಗಳು ಹೊರಹಾಕಿ ಇದನ್ನು ಸರಿಮಾಡಲು ಕೆಲವು ದಿನ ಬೇಕು. ಅಷ್ಟರವರೆಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು. ಇದೇ ಎತ್ತರದ ಕಾಯಿಲೆ. ಇದಕ್ಕೆ ಕೊಡುವ ಡಯಾಮಾಕ್ಸ್ ಮಾತ್ರೆ ಮಾಡುವುದು ಮೂತ್ರಪಿಂಡದ ಈ ಕೆಲಸವನ್ನು ಬೇಗ ಶುರು ಮಾಡಿಸುವುದನ್ನೇ. ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧಿಯ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳು ಜುಮ್ಮೆಂದರೆ, ಸೋಡಾ ಸಪ್ಪೆ ಅನಿಸಿದರೆ ಗಾಬರಿ ಬೇಡ, ಅದು ಮಾತ್ರೆಯದೇ ಗುಣ.

ಈ ಕಾಯಿಲೆಯ ಬಗ್ಗೆ ಜಗತ್ತು ಕಲಿತದ್ದರಲ್ಲಿ ನಮ್ಮ ಸೈನಿಕರ ಪಾಲು ದೊಡ್ಡದು. ಹಿಮಾಲಯದ ಎತ್ತರಕ್ಕೆ ಹೋಗಿ ಕಾಯಿಲೆ ಬಿದ್ದ 1,925 ಸೈನಿಕರ ವಿವರಗಳನ್ನು ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು.

ಕಾಯಿಲೆ ಜೋರಾದರೆ ನಿಜವಾದ ಮದ್ದು ಕೆಳಗಿಳಿಯುವುದು. ಸರ್ಚುವಿನ ತೊಂದರೆ ಇರುವುದೇ ಇಲ್ಲಿ. ಮನಾಲಿ ಕಡೆ ತಿರುಗಿದರೆ ಸುಮಾರು 4,890 ಮೀಟರಿನ ಬಾರಾಲಾಚಾ ಲಾ ('ಲಾ' ಅಂದರೆ ಕಣಿವೆ ದಾರಿ, ಪಾಸ್). ಲೇಹ್ ಕಡೆ ಹೋದರೆ ಏರುದಾರಿಯ ಗಾಟಾ ತಿರುವುಗಳು, ಆಮೇಲೆ 5,000 ಮೀಟರ್ ಮೀರಿದ ಲಾಚುಂಗ್ ಲಾ. ಇಳಿಯಬೇಕಾದರೂ ಮೊದಲು ಹತ್ತಲೇಬೇಕು! ಅದೂ ನಡುರಾತ್ರಿ, ಕೊರೆಯುವ ಚಳಿಯಲ್ಲಿ.

ಅದಕ್ಕೇ ಸರ್ಚುವಿಗಿಂತ ಮೊದಲು ಸಿಗುವ, ಸುಮಾರು 3,200 ಮೀಟರಿನ ಜಿಸ್ಪಾದಲ್ಲಿ ಎರಡು ರಾತ್ರಿ ಉಳಿದು, ನಸುಕಿನಲ್ಲೇ ಹೊರಟು, 3,500 ಮೀಟರಿನ ಲೇಹ್‌ನಲ್ಲಿ ಮಲಗುವುದು ವಾಸಿ. ನನ್ನನ್ನು ಕೇಳಿದರೆ ಹೋಗುವಾಗ ಶ್ರೀನಗರ, ಕಾರ್ಗಿಲ್ ದಾರಿ, ಬರುವಾಗ ಮನಾಲಿ. ಹತ್ತುವುದು ನಿಧಾನವಾಗುತ್ತದೆ, ಅಲ್ವಾ?

ಔಷಧಿ ಡಬ್ಬಿ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗಲಿ. ಓಆರ್‌ಎಸ್, ಪ್ಯಾರಾಸಿಟಮಾಲ್, ಬಿಪಿ ಮಾತ್ರೆ ಇರಲಿ. ಇನ್ಸುಲಿನ್ ಒಮ್ಮೆ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಒಳಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ಸಿಗುವ ಪುಟ್ಟ ಆಕ್ಸಿಜನ್ ಡಬ್ಬಿ ಕೆಲವೇ ನಿಮಿಷದ ಸಮಾಧಾನ.

ಸುಮ್ನೆ ಕೂತಿದ್ದಾಗಲೂ ಏದುಸಿರು ಬಂದರೆ ಕೆಳಗಿಳಿಯಲು ತಡಮಾಡಬೇಡಿ. ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ನಡೆಸಿ ನೋಡಿ. ವಾಲಿದರೆ ಮಿದುಳು ಊದಿಕೊಂಡಿರಬಹುದು, ಕೂಡಲೇ ಇಳಿಸಬೇಕು. ಹಾಗೆ ವಾಲುವವರು ಡ್ರೈವರೇ ಆಗಿರಬಹುದು. ಆದ್ದರಿಂದ ಗುಡ್ಡದಲ್ಲಿ ಗಾಡಿ ಓಡಿಸಬಲ್ಲ ಇನ್ನೊಬ್ಬರು ಜೊತೆಯಲ್ಲಿರಲಿ.