ವಿಮಾನದ ಮೂತಿಯಿಂದ ಚಕ್ರದ ಬಾಗಿಲಿಗೆ

ಯುದ್ಧವಿಮಾನದ ಮೇಲೆ ಬರೆದ ಚಿತ್ರ ಸಿಬ್ಬಂದಿಯ ಹುರುಪು ಎನ್ನುವವರಿದ್ದಾರೆ, ಸರ್ಕಾರಿ ಸ್ವತ್ತಿನ ಮೇಲಿನ ಗೀಚಾಟ ಎನ್ನುವವರೂ ಇದ್ದಾರೆ. ಈ ಜಗ್ಗಾಟದ ನಡುವೆ ಬಣ್ಣದ ಡಬ್ಬಿಯ ಸಂಗತಿಯೇ ಮರೆತುಹೋಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಇಟಲಿಯ ಪೈಲಟ್ ಫ್ರಾಂಚೆಸ್ಕೊ ಬರಾಕ್ಕನ ವಿಮಾನದ ಮೇಲೆ ನೆಗೆಯುವ ಕುದುರೆಯಿತ್ತು. ಮುಂದೆ ಅದೇ ಫೆರಾರಿ ಕಾರಿನ ಲಾಂಛನವಾಯಿತು. ಎರಡನೆಯ ಯುದ್ಧದ ಶಾರ್ಕ್ ಬಾಯಿ ಮೊದಲಿದ್ದದ್ದು ಜರ್ಮನ್ ವಿಮಾನಗಳ ಮೇಲೆ. ಅದನ್ನು ಬ್ರಿಟನ್ನಿನ 112ನೇ ಸ್ಕ್ವಾಡ್ರನ್ ಎತ್ತಿಕೊಂಡಿತು, ಅವರದ್ದನ್ನು ಚೀನಾದಲ್ಲಿದ್ದ ಅಮೆರಿಕನ್ ಸ್ವಯಂಸೇವಕ ಪೈಲಟ್‌ಗಳಾದ ‘ಫ್ಲೈಯಿಂಗ್ ಟೈಗರ್ಸ್’ ಎತ್ತಿಕೊಂಡರು. ಈ ಇಬ್ಬರೂ ಹಾರಿಸುತ್ತಿದ್ದ ಟೊಮಾಹಾಕ್ ವಿಮಾನದ ಗದ್ದದಡಿ ಅಗಲವಾದ ಗಾಳಿಗಂಡಿ ಇದ್ದದ್ದರಿಂದ ಹಲ್ಲು ಬರೆದರೆ ಸಾಕು, ಬಾಯಿ ತಾನಾಗಿ ಮೂಡುತ್ತಿತ್ತು. ಡಿಸ್ನಿ ಸ್ಟುಡಿಯೊ ಸೇನೆಗೆಂದು ಪುಕ್ಕಟೆಯಾಗಿ ಬರೆದುಕೊಟ್ಟ ಲಾಂಛನಗಳು ಸುಮಾರು 1,200. ಅವುಗಳಲ್ಲಿ 200ಕ್ಕೂ ಹೆಚ್ಚು ಡೊನಾಲ್ಡ್ ಡಕ್‌ನವು: ಸಿಡುಕು ಬಾತುಕೋಳಿ ಯುದ್ಧಕ್ಕೆ ಒಪ್ಪುತ್ತದೆ, ಸಾಧು ಇಲಿ ಮಿಕ್ಕಿ ಒಪ್ಪುವುದಿಲ್ಲ. ಆದರೂ ಜರ್ಮನಿಯ ಪೈಲಟ್ ಅಡಾಲ್ಫ್ ಗಾಲಂಡ್ ತನ್ನ ವಿಮಾನಕ್ಕೆ ಆರಿಸಿಕೊಂಡದ್ದು ಮಿಕ್ಕಿಯನ್ನೇ, ಕೈಗೆ ಕೊಡಲಿ ಕೊಟ್ಟು!

ಅನಧಿಕೃತ ಚಿತ್ರದ ನಿಜವಾದ ಸುಗ್ಗಿ ಇಂಗ್ಲೆಂಡಿನ ಅಮೆರಿಕನ್ ಬಾಂಬರ್ ನೆಲೆಗಳಲ್ಲಿ. ಅಲ್ಲಿ 91ನೇ ಬಾಂಬ್ ಗ್ರೂಪ್‌ನ ಟೋನಿ ಸ್ಟಾರ್ಸರ್ ‘ಮೆಂಫಿಸ್ ಬೆಲ್’ ಎಂಬ ಬಾಂಬರ್‌ಗೆ ಎಡಮಗ್ಗುಲಲ್ಲಿ ನೀಲಿ ಈಜುಡುಗೆಯ ಹುಡುಗಿಯನ್ನೂ ಬಲಮಗ್ಗುಲಲ್ಲಿ ಕೆಂಪುಡುಗೆಯವಳನ್ನೂ ಬರೆದ. ಇಂಥ ಕೆಲಸದ ಕ್ರಮ ಸರಳ: ಪತ್ರಿಕೆಯ ಚಿತ್ರದ ಮೇಲೆ ಪೆನ್ಸಿಲ್ ಚೌಕಗಳು, ವಿಮಾನದ ಮೇಲೆ ಅಷ್ಟೇ ಸಂಖ್ಯೆಯ ದೊಡ್ಡ ಸೀಮೆಸುಣ್ಣದ ಚೌಕಗಳು, ಆಮೇಲೆ ಒಂದೊಂದು ಚೌಕವನ್ನೂ ನೋಡಿ ತುಂಬುವುದು. ಮೂತಿ ದುಂಡಗಿರುವುದರಿಂದ ಅಟ್ಟಣಿಗೆಯ ಮೇಲೆ ಸರಿಯಾಗಿ ಕಂಡ ಕಾಲು ಕೆಳಗಿಳಿದು ನೋಡಿದರೆ ಸೊಟ್ಟಗಿರುತ್ತದೆ. ಹತ್ತಿ ಇಳಿಯದೆ ಗತ್ಯಂತರವಿಲ್ಲ. ಮಂಕು ಹಸಿರು ಬಣ್ಣದ ಮೈ ಹೊಸ ಬಣ್ಣವನ್ನು ಚೆನ್ನಾಗಿ ಹಿಡಿಯುತ್ತಿತ್ತು. 1944ರ ಹೊತ್ತಿಗೆ ಬಣ್ಣವಿಲ್ಲದ ಬರಿ ಅಲ್ಯೂಮಿನಿಯಂ ವಿಮಾನಗಳು ಬಂದವು. ಅವುಗಳ ಜಿಡ್ಡು ತೆಗೆದು ಪ್ರೈಮರ್ ಹೊಡೆಯದಿದ್ದರೆ ಚಿತ್ರ ಹೆಕ್ಕಳಿಕೆಯೆದ್ದು ಉದುರುತ್ತದೆ. ಅದೇ ಅಮೆರಿಕದ ನೌಕಾಪಡೆ ಇಂಥದ್ದಕ್ಕೆ ನಿಯಮದಲ್ಲಿ ಅವಕಾಶ ಕೊಡಲಿಲ್ಲ.

ಕೊರಿಯಾ ಯುದ್ಧದ ನಂತರ ಚಿತ್ರಗಳು ವಿರಳವಾದವು, ವಿಯೆಟ್ನಾಂನಲ್ಲಿ ಅಲ್ಲಲ್ಲಿ ಮರಳಿದವು, ವಿಮಾನಗಳ ಮೈಗೆ ಬೂದುಬಣ್ಣ ಬಂದಮೇಲೆ ಮಸುಕಾದವು. 1991ರ ಕೊಲ್ಲಿ ಯುದ್ಧದಲ್ಲಿ ಬ್ರಿಟನ್ನಿನ ಟೊರ್ನಾಡೊಗಳ ಮೇಲೆ ಮತ್ತೆ ಹುಡುಗಿಯರು, ಕಾರ್ಟೂನುಗಳು. ಆದರೆ ಕೆಳಗಿದ್ದ ಮರುಭೂಮಿ ಗುಲಾಬಿ ಬಣ್ಣವೇ ಕ್ಷಾರದಲ್ಲಿ ತೊಳೆದುಹೋಗುವ ತಾತ್ಕಾಲಿಕ ಲೇಪ. 1993ರಲ್ಲಿ ಅಮೆರಿಕದ ವಾಯುಸೇನೆ ಚಿತ್ರಗಳು ಲಿಂಗತಟಸ್ಥವಾಗಿರಬೇಕೆಂದಿತು. 2007ರಲ್ಲಿ ಬ್ರಿಟನ್ನಿನಲ್ಲೂ ಹೆಣ್ಣಿನ ಚಿತ್ರಗಳಿಗೆ ತಡೆ ಬಿತ್ತು. ಸುದ್ದಿಯಾದದ್ದು ಈ ಆದೇಶಗಳು. ಕುಂಚವನ್ನು ಹೆಚ್ಚು ಕಟ್ಟಿಹಾಕಿದ್ದು ತಾಂತ್ರಿಕ ಕಾರಣಗಳು.

ಈಗಿನ ವಿಮಾನಗಳ ಪಾಲಿಯುರೆಥೇನ್ ಬಣ್ಣದ ಗಟ್ಟಿ, ನುಣುಪು ಮೈಯನ್ನು ಉಜ್ಜುಕಾಗದದಿಂದ ತರಿಯಾಗಿಸದೆ ಬಳಿದ ಬಣ್ಣ ಪದರಪದರವಾಗಿ ಕಿತ್ತು ಬರುತ್ತದೆ. ರೇಡಾರನ್ನು ಮುಚ್ಚುವ ಕವಚವಾದ ರೇಡೋಮ್ ಮೇಲೆ ಲೋಹದ ಪುಡಿಯ ಬಣ್ಣ ಬಿದ್ದರೆ ರೇಡಾರ್ ಮಂಕಾಗುತ್ತದೆ. ಹೊರಗಿನ ಗಾಳಿಯ ಒತ್ತಡ ಅಳೆಯುವ ತೂತು, ಸ್ಟ್ಯಾಟಿಕ್ ಪೋರ್ಟ್, ಮುಚ್ಚಿದರೆ ಎತ್ತರದ ಅಳತೆಯೇ ತಪ್ಪು. ಬಾಲದಲ್ಲಿ ತಿರುಗುವ ಹಲಗೆಯಾದ ರಡ್ಡರ್‌ಗೆ ಬಣ್ಣ ಏರಿದರೆ ತೂಕದ ಸಮತೋಲ ಮತ್ತೆ ನೋಡಬೇಕು, ಇಲ್ಲವಾದರೆ ವೇಗದಲ್ಲಿ ಅದು ಅದುರಲು ತೊಡಗಬಹುದು. ರೇಡಾರ್ ಕಣ್ಣು ತಪ್ಪಿಸುವ ಸ್ಟೆಲ್ತ್ ವಿಮಾನದ ಲೇಪದ ದಪ್ಪವೇ ಅದರ ಗುಟ್ಟಾದ್ದರಿಂದ ಅದರ ಮೇಲೆ ಇನ್ನೊಂದು ಪದರದ ಮಾತೇ ಇಲ್ಲ. ಹಾಗಾಗಿ ಸ್ಟೆಲ್ತ್ ಆದ ಬಿ-2 ಬಾಂಬರ್‌ನ ಹೆಸರು ಚಕ್ರದ ಬಾಗಿಲ ಮೇಲಿದೆ.

ಇಂಧನ ತುಂಬುವ ಟ್ಯಾಂಕರ್ ವಿಮಾನಗಳ ಮೂತಿಯ ಮೇಲೆ ಈಗಲೂ ಚಿತ್ರ ಬರೆಯುವವರಿದ್ದಾರೆ. ಕೈಯಲ್ಲಿರುವುದು ಸೀಮೆಸುಣ್ಣ. ಮಳೆ ಬಂದರೆ ಹೋಯಿತು.