ನಾಯಿಯ ಮೂಗು ತಿರುಗಿದತ್ತ ದೋಣಿ

ದೋಣಿಯ ಮುಂತುದಿಯಲ್ಲಿ ಒಂದು ನಾಯಿ ನಿಂತಿದೆ. ದೋಣಿ ಗಾಳಿಗೆ ಅಡ್ಡಲಾಗಿ ನಿಧಾನಕ್ಕೆ ಸಾಗುತ್ತಿದೆ. ಇದ್ದಕ್ಕಿದ್ದಂತೆ ನಾಯಿ ಚುರುಕಾಗಿ ಮೂಗನ್ನು ಎಡಕ್ಕೆ ಚಾಚುತ್ತದೆ. ಚುಕ್ಕಾಣಿ ಹಿಡಿದವರು ದೋಣಿಯನ್ನು ಎಡಕ್ಕೇ ತಿರುಗಿಸುತ್ತಾರೆ. ನಾಯಿ ಆಸಕ್ತಿ ಕಳೆದುಕೊಂಡರೆ ವಾಸನೆಯ ಜಾಡು ತಪ್ಪಿತೆಂದು ಅರ್ಥ, ಮತ್ತೆ ಬಲಕ್ಕೆ. ಹೀಗೆ ಹಾವಿನಂತೆ ಹೊರಳುತ್ತ ಹೋದರೆ ಕೊನೆಗೆ ನೀರಿನ ಮೇಲೆ ಕೆಂಗಂದು ಬಣ್ಣದ ಮುದ್ದೆಯೊಂದು ತೇಲುತ್ತಿರುತ್ತದೆ. ಅದು ರೈಟ್ ತಿಮಿಂಗಿಲದ ಲದ್ದಿ. ಬೇಗ ಬಾಚಿಕೊಳ್ಳದಿದ್ದರೆ ಅದೂ ಚದುರಿ ಮುಳುಗಿಹೋಗುತ್ತದೆ.

ಕಡಲ ವಿಜ್ಞಾನಿ ಎಂದೊಡನೆ ಡಾಲ್ಫಿನ್ ಜತೆ ಈಜುವವರ ಚಿತ್ರ ಕಣ್ಣಮುಂದೆ ಬರುತ್ತದೆ. ನಿಜವಾದ ಕೆಲಸ ಬೇರೆಯೇ. ಬದುಕಿನ ಬಹುಪಾಲನ್ನು ಕಣ್ಣಿಗೆ ಕಾಣದ ಆಳದಲ್ಲಿ ಕಳೆಯುವ ಪ್ರಾಣಿಯನ್ನು ಅದು ಬಿಟ್ಟುಹೋದ ಗುರುತುಗಳಿಂದಲೇ ಓದಬೇಕು. ಲದ್ದಿ ಅಂಥದೊಂದು ಗುರುತು. ಪ್ರಾಣಿಯನ್ನು ಮುಟ್ಟದೆಯೇ ಅದು ಏನು ತಿಂದಿದೆ, ಗರ್ಭ ಧರಿಸಿದೆಯೇ, ಎಷ್ಟು ಒತ್ತಡದಲ್ಲಿದೆ ಎಂಬುದು ಅದರಿಂದ ತಿಳಿಯುತ್ತದೆ.

ಕೆನಡಾದ ಫಂಡಿ ಕೊಲ್ಲಿಯಲ್ಲಿ ವಿಜ್ಞಾನಿ ರೊಸಲಿಂಡ್ ರೋಲಂಡ್ ಅವರ ತಂಡ ನಾಯಿಗಳ ನೆರವು ಪಡೆಯುವ ಮುಂಚಿನಿಂದಲೂ ಲದ್ದಿ ಸಂಗ್ರಹಿಸುತ್ತಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ ಆ ನೀರಿನಲ್ಲಿ ಹಡಗುಗಳ ಓಡಾಟ ಇಳಿದುಹೋಯಿತು. ಅದೇ ದಿನಗಳಲ್ಲಿ ಬೇರೊಂದು ಅಧ್ಯಯನದವರು ಅಲ್ಲಿ ನೀರೊಳಗಿನ ಸದ್ದನ್ನು ದಾಖಲಿಸುತ್ತಿದ್ದರು. ವರ್ಷಗಳ ನಂತರ ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಸದ್ದು 6 ಡೆಸಿಬಲ್ ತಗ್ಗಿತ್ತು. ತಿಮಿಂಗಿಲಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಅಂಶವೂ ಇಳಿದಿತ್ತು. 2012ರಲ್ಲಿ ಪ್ರಕಟವಾದ ಈ ಸಂಗತಿಯನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ನಾವು ಸುಮ್ಮನಾದ ಕೆಲವೇ ದಿನ ಅವು ನಿರಾಳವಾಗಿದ್ದವು. ಅಂಥ ಪ್ರಯೋಗವನ್ನು ಯಾರೂ ಯೋಜಿಸಲಾರರು. ದಿನವೂ ಡಬ್ಬಿ ಹಿಡಿದು ಕಡಲಿಗಿಳಿಯುತ್ತಿದ್ದವರ ಕೈಗೆ ಮಾತ್ರ ಅದು ಸಿಕ್ಕಿತು.

ಇನ್ನೊಂದು ಗುರುತು ಮೈಮೇಲಿನದು. 1970ರ ದಶಕದ ಆರಂಭದಲ್ಲಿ ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವಿಜ್ಞಾನಿ ಮೈಕೆಲ್ ಬಿಗ್ ಓರ್ಕಾಗಳ (ಕೊಲೆಗಾರ ತಿಮಿಂಗಿಲಗಳ) ಫೋಟೊಗಳನ್ನು ಹರಡಿಕೊಂಡು ಬೆನ್ನಿನ ರೆಕ್ಕೆಯ ಕಚ್ಚುಗಳನ್ನೂ ಅದರ ಹಿಂದಿನ ಬೂದು ಪಟ್ಟೆಯ ಆಕಾರವನ್ನೂ ಹೋಲಿಸುತ್ತ ಕೂತರು. ಪ್ರತಿಯೊಂದನ್ನೂ ಬೇರೆಯಾಗಿ ಗುರುತಿಸಬಹುದೆಂದು ತೋರಿಸಿದರು. ಸಾವಿರಾರು ಇರಬಹುದೆಂದು ಜನ ಭಾವಿಸಿದ್ದ ಓರ್ಕಾಗಳು ಆ ಕರಾವಳಿಯಲ್ಲಿ ಇದ್ದದ್ದು ಕೆಲವೇ ನೂರು. ಪ್ರದರ್ಶನಕ್ಕೆಂದು ಅವುಗಳ ಮರಿಗಳನ್ನು ಹಿಡಿದೊಯ್ಯುತ್ತಿದ್ದ ಕಾಲ ಅದು. ಅಂದು ಆರಂಭವಾದ ಎಣಿಕೆ ಇಂದಿಗೂ ನಡೆದಿದೆ. ಬಿಗ್ 1990ರಲ್ಲಿ ತೀರಿಕೊಂಡರು. ಅವರು ಗುರುತಿಸಿದ ಕುಟುಂಬಗಳ ಮರಿಮೊಮ್ಮಕ್ಕಳನ್ನು ಈಗ ಬೇರೆಯವರು ಎಣಿಸುತ್ತಿದ್ದಾರೆ.

ಈ ವೃತ್ತಿಯ ಕನಸು ಕಾಣುವ ಮಕ್ಕಳಿಗೆ ಜೀವವಿಜ್ಞಾನದಷ್ಟೇ ಶ್ರದ್ಧೆಯಿಂದ ಸಂಖ್ಯಾಶಾಸ್ತ್ರ ಓದಿ ಎಂದು ಹೇಳಬೇಕೆನಿಸುತ್ತದೆ. ಸಮೀಕ್ಷೆಯ ಹಡಗು ಮೊದಲೇ ಎಳೆದ ಗೆರೆಗಳ ಮೇಲೆ ಸಾಗುತ್ತದೆ. ಕಂಡ ಪ್ರತಿ ಪ್ರಾಣಿಯ ದೂರ, ಕೋನ ಬರೆದುಕೊಂಡು, ಕಾಣದೆ ಹೋದವು ಎಷ್ಟಿರಬಹುದೆಂದು ಲೆಕ್ಕ ಹಾಕಬೇಕು. ಕಷ್ಟ ಇರುವುದು ಅಲ್ಲಿಯೇ. ಕುವಿಯೆ ಕೊಕ್ಕು ತಿಮಿಂಗಿಲವೊಂದು ಒಂದೇ ಉಸಿರಿನಲ್ಲಿ 222 ನಿಮಿಷ ಮುಳುಗಿದ್ದು ದಾಖಲಾಗಿದೆ. ಹಡಗು ನೆತ್ತಿಯ ಮೇಲೆ ಹಾದುಹೋದರೂ ಅದು ಕಾಣುವುದಿಲ್ಲ.

ಕರಾರುವಾಕ್ಕಾಗಿ ಎಣಿಸಿದರೂ ಉಳಿಸಿಕೊಳ್ಳಲಾಗದ ನೋವು ಈ ಕೆಲಸದಲ್ಲಿದೆ. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮಾತ್ರ ಇರುವ ಡಾಲ್ಫಿನ್ ಹೋಲುವ ಪುಟ್ಟ ಕಡಲ ಸಸ್ತನಿ ವಕೀಟಾ 1997ರ ಅಂದಾಜಿನಲ್ಲಿ 567 ಇತ್ತು. ಈಗ ಉಳಿದಿರುವುದು ಹತ್ತರ ಆಸುಪಾಸು. ನೀರೊಳಗಿಟ್ಟ ಹೈಡ್ರೋಫೋನುಗಳು ಅದರ ಕ್ಲಿಕ್ ಸದ್ದು ವರ್ಷದಿಂದ ವರ್ಷಕ್ಕೆ ವಿರಳವಾಗುವುದನ್ನು ಕೇಳಿಸಿಕೊಂಡವು. ತೋತುವಾಬಾ ಮೀನಿಗಾಗಿ ಹಾಕುವ, ವಕೀಟಾಗಳೂ ಸಿಕ್ಕಿ ಸಾಯುವ ಬಲೆಗಳು ನಿಲ್ಲಲಿಲ್ಲ. 2017ರಲ್ಲಿ ಕೆಲವನ್ನಾದರೂ ಸುರಕ್ಷಿತವಾಗಿ ಸಾಕೋಣವೆಂದು ವಿಜ್ಞಾನಿಗಳು ಹಿಡಿಯಲು ಹೋದಾಗ ಹೆಣ್ಣು ವಕೀಟಾ ಒಂದು ಅವರ ಕೈಯಲ್ಲೇ ಸತ್ತಿತು. ಪ್ರಯತ್ನವನ್ನು ಅಲ್ಲಿಗೇ ಕೈಬಿಟ್ಟರು.

ಆದರೆ ಫಂಡಿ ಕೊಲ್ಲಿಯಲ್ಲಿ ಲೆಕ್ಕ ಫಲ ಕೊಟ್ಟಿತು. ರೈಟ್ ತಿಮಿಂಗಿಲ ಎಲ್ಲೆಲ್ಲಿ ಕಂಡಿತೆಂಬ ವರ್ಷಗಟ್ಟಲೆಯ ದಾಖಲೆಯನ್ನು ನಕ್ಷೆಯ ಮೇಲಿಟ್ಟಾಗ ಹಡಗುಮಾರ್ಗ ಅವು ಹೆಚ್ಚು ಸೇರುವ ಜಾಗವನ್ನೇ ಸೀಳಿಕೊಂಡು ಹೋಗುತ್ತಿತ್ತು. ಹಡಗು ಡಿಕ್ಕಿಯಾಗಿ ಅವು ಸಾಯುವುದನ್ನು ತಪ್ಪಿಸಲು ವಿಜ್ಞಾನಿಗಳು ಹಡಗು ಕಂಪನಿಯವರೊಂದಿಗೆ, ಅಧಿಕಾರಿಗಳೊಂದಿಗೆ ಮಾತಿಗೆ ಕೂತರು. 2003ರಲ್ಲಿ ಆ ಮಾರ್ಗವನ್ನೇ ಪಕ್ಕಕ್ಕೆ ಸರಿಸಲಾಯಿತು. ಅಮೆರಿಕದ ಪೂರ್ವ ಕರಾವಳಿಯ ಕೆಲವು ಭಾಗಗಳಲ್ಲಿ, ನಿಗದಿತ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕೂ ಉದ್ದದ ಹಡಗುಗಳು 10 ನಾಟ್ (ಗಂಟೆಗೆ ಸುಮಾರು 18.5 ಕಿ.ಮೀ.) ವೇಗ ಮೀರಬಾರದೆಂಬ ನಿಯಮ 2008ರಲ್ಲಿ ಬಂತು.

ಹಾಗಿದ್ದೂ ಉತ್ತರ ಅಟ್ಲಾಂಟಿಕ್‌ನಲ್ಲಿ ಈ ತಿಮಿಂಗಿಲಗಳು ಇಂದು ನಾನೂರರೊಳಗೇ ಇವೆ. ಏಡಿ, ಲಾಬ್‌ಸ್ಟರ್ ಹಿಡಿಯುವ ಗೂಡುಗಳಿಂದ ಮೇಲಿನ ತೇಲುಬುಂಡೆಯವರೆಗೆ ನೇರ ನಿಂತ ಹಗ್ಗಗಳು ಅವುಗಳ ಬಾಯಿಗೆ, ರೆಕ್ಕೆಗೆ, ಬಾಲಕ್ಕೆ ಸುತ್ತಿಕೊಳ್ಳುತ್ತವೆ. ಹಗ್ಗ ಮಾಂಸಕ್ಕಿಳಿದ ಮೇಲೂ ತಿಂಗಳುಗಟ್ಟಲೆ ಎಳೆದುಕೊಂಡು ಈಜುವ ತಿಮಿಂಗಿಲಗಳಿವೆ. ಅದಕ್ಕೇ ಈಗ ಹಲವು ವಿಜ್ಞಾನಿಗಳ ದಿನ ಮೀನುಗಾರರ ದೋಣಿಗಳಲ್ಲಿ ಕಳೆಯುತ್ತಿದೆ. ಹಗ್ಗವನ್ನೂ ಬುಂಡೆಯನ್ನೂ ಗೂಡಿನ ಜತೆ ತಳದಲ್ಲೇ ಇಟ್ಟು, ಮೇಲಿನಿಂದ ಸದ್ದಿನ ಸಂಕೇತ ಕಳಿಸಿದಾಗ ಮಾತ್ರ ಬುಂಡೆ ಮೇಲೇಳುವಂಥ ಸಾಧನದ ಪರೀಕ್ಷೆ ನಡೆದಿದೆ. ಮೀನುಗಾರರ ಪ್ರಶ್ನೆಗಳು ನ್ಯಾಯವಾದವು. ಬುಂಡೆ ಕಾಣದಿದ್ದರೆ ಒಬ್ಬರ ಗೂಡಿನ ಮೇಲೆ ಇನ್ನೊಬ್ಬರು ಗೂಡು ಇಳಿಸುವುದಿಲ್ಲವೇ? ಸಂಕೇತ ತಲುಪದಿದ್ದರೆ ನಷ್ಟ ಯಾರದು? ಉತ್ತರ ಹುಡುಕುತ್ತ ವಿಜ್ಞಾನಿ ಗುಂಡಿ ಒತ್ತುತ್ತಾರೆ. ಮೀನುಗಾರರೂ ಅವರೂ ಒಟ್ಟಿಗೇ ಅಂಚಿಗೆ ಬಾಗಿ, ಬುಂಡೆ ಮೇಲೆ ಬರುತ್ತದೆಯೇ ಎಂದು ನೀರನ್ನೇ ನೋಡುತ್ತ ನಿಲ್ಲುತ್ತಾರೆ.