ಶತ್ರು ಸೈನಿಕನನ್ನು ಮೆಚ್ಚಿದ ತಪ್ಪಿಗೆ: ನಾರ್ವೆಯ ಹೆಣ್ಣುಮಕ್ಕಳ ಕಥೆ

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಸೈನಿಕರನ್ನು ಪ್ರೀತಿಸಿದ ತನ್ನ ಹೆಣ್ಣುಮಕ್ಕಳ ಕ್ಷಮೆಯನ್ನು ನಾರ್ವೆ ಸರ್ಕಾರ ಕೇಳಿದ್ದು 2018ರ ಅಕ್ಟೋಬರಿನಲ್ಲಿ. ಅವರು ಹೆತ್ತ ಮಕ್ಕಳ ಕ್ಷಮೆಯನ್ನು ಅದಕ್ಕೂ 18 ವರ್ಷ ಮೊದಲೇ, 2000ದ ಹೊಸ ವರ್ಷದ ಭಾಷಣದಲ್ಲಿ, ಅಂದಿನ ಪ್ರಧಾನಿ ಶೆಲ್ ಮಾಗ್ನೆ ಬೊಂಡೆವಿಕ್ ಕೇಳಿದ್ದರು. ತಾಯಂದಿರ ಸರದಿ ಬರಲು ಇಷ್ಟು ತಡವಾದದ್ದೇಕೆ ಎಂಬುದು 1945ರ ಬೇಸಿಗೆಯನ್ನು ನೋಡದೆ ತಿಳಿಯುವುದಿಲ್ಲ.

1940ರ ಏಪ್ರಿಲ್ 9ರಂದು ನುಗ್ಗಿದ ಜರ್ಮನ್ ಸೇನೆ ಐದು ವರ್ಷ ನಾರ್ವೆಯಲ್ಲೇ ಬೀಡುಬಿಟ್ಟಿತು. ಸುಮಾರು 30 ಲಕ್ಷ ಜನರಿದ್ದ ದೇಶದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರಿದ್ದ ಕಾಲವದು. ಸಾವಿರಾರು ಯುವತಿಯರಿಗೆ ಅವರೊಂದಿಗೆ ಒಡನಾಟ ಬೆಳೆಯಿತು. ಹತ್ತು-ಹನ್ನೆರಡು ಸಾವಿರ ಮಕ್ಕಳು ಹುಟ್ಟಿದರು. ನಾರ್ಡಿಕ್ (ಉತ್ತರ ಯುರೋಪಿನವರ) ರಕ್ತದ ಮೇಲೆ ವ್ಯಾಮೋಹವಿದ್ದ, ಹಿಟ್ಲರನ ನಾಜಿ ಪಕ್ಷದ ಎಸ್‌ಎಸ್ ಪಡೆ ಈ ಗರ್ಭಿಣಿಯರಿಗಾಗಿ ಲೆಬೆನ್ಸ್‌ಬಾರ್ನ್ ಹೆಸರಿನ ಹೆರಿಗೆಮನೆಗಳನ್ನೇ ತೆರೆದಿತ್ತು.

1945ರಲ್ಲಿ ಜರ್ಮನಿ ಸೋತಾಗ ಬಿಡುಗಡೆಯ ಸಂಭ್ರಮದ ಜತೆಗೇ ಸೇಡೂ ಬೀದಿಗಿಳಿಯಿತು. ಗುಂಪುಗಳು ಹೆಂಗಸರನ್ನು ಹಿಡಿದು ತಲೆ ಬೋಳಿಸಿದವು. ಅಷ್ಟನ್ನು ಜನರ ಸಿಟ್ಟು ಎಂದು ಬದಿಗಿಡಬಹುದೇನೋ. ಸರ್ಕಾರವೇ ಮಾಡಿದ್ದನ್ನು ಹಾಗೆ ಬದಿಗಿಡಲು ಬರುವುದಿಲ್ಲ. ಶತ್ರು ಸೈನಿಕನನ್ನು ಪ್ರೀತಿಸುವುದು ಯಾವ ಕಾನೂನಿನಡಿಯೂ ಅಪರಾಧವಾಗಿರಲಿಲ್ಲ. ಆದ್ದರಿಂದ ಲೈಂಗಿಕ ರೋಗದ ಭಯ, ಅವರದೇ ರಕ್ಷಣೆ ಎಂಬಂಥ ಕಾರಣಗಳನ್ನು ಮುಂದೊಡ್ಡಿ, ವಿಚಾರಣೆಯಿಲ್ಲದೆ, ಓಸ್ಲೋ ನಗರಕ್ಕೆ ಅಂಟಿಕೊಂಡಂತಿರುವ ಹೊವೆಡೋಯಾ ದ್ವೀಪದ ಶಿಬಿರದಲ್ಲೂ ಬೇರೆಡೆಯೂ ಅವರನ್ನು ಕೂಡಿಹಾಕಲಾಯಿತು. ಮದುವೆಯಾದವರ ಪಾಡು ಇನ್ನೂ ಕಠಿಣ. 1945ರ ಆಗಸ್ಟಿನ ಸುಗ್ರೀವಾಜ್ಞೆ, ಆಕ್ರಮಣದ ದಿನದಿಂದೀಚೆಗೆ ಜರ್ಮನ್ನರನ್ನು ವರಿಸಿದ ಹೆಂಗಸರ ಪೌರತ್ವವನ್ನು ಪೂರ್ವಾನ್ವಯವಾಗಿ ಕಿತ್ತುಕೊಂಡು, ಪಾಳುಬಿದ್ದ ಜರ್ಮನಿಗೆ ಅವರನ್ನು ಅಟ್ಟಲು ದಾರಿಮಾಡಿತು. ಜರ್ಮನ್ ಹೆಂಗಸರನ್ನು ಮದುವೆಯಾಗಿದ್ದ 28 ನಾರ್ವೆ ಗಂಡಸರಲ್ಲಿ ಒಬ್ಬನ ಪೌರತ್ವವೂ ಹೋಗಲಿಲ್ಲ. ದೇಶನಿಷ್ಠೆಯನ್ನು ಅಳೆದ ಕೋಲು ಯಾವುದೆಂದು ಈ ಒಂದು ಸಂಗತಿಯೇ ಹೇಳುತ್ತದೆ.

ಮಕ್ಕಳ ವಿಷಯಕ್ಕೆ ಅದೇ ವರ್ಷ ಒಂದು ಸಮಿತಿ ಬಂತು. ಅವರನ್ನು ಆಸ್ಟ್ರೇಲಿಯಾಕ್ಕೆ ಸಾಗಹಾಕುವ ಮಾತೂ ಎದ್ದಿತ್ತು, ಅದು ನಡೆಯಲಿಲ್ಲ. ಕೆಲವರನ್ನು ಮನೆಯವರೇ ಗಡಿ ದಾಟಿಸಿದರು: ಮುಂದೆ 'ಆಬ್ಬಾ' ತಂಡದ ಗಾಯಕಿಯಾದ ಫ್ರೀಡಾ ಲಿಂಗ್ಸ್ಟಾಡ್ ಅಜ್ಜಿಯ ಜತೆ ಸ್ವೀಡನ್ ಸೇರಿದ್ದು ಹಾಗೆ. ಉಳಿದವರು ಶಾಲೆಯಲ್ಲಿ, ಕೇರಿಯಲ್ಲಿ 'ಜರ್ಮನ್ ಮರಿ' ಎನಿಸಿಕೊಂಡು ಬೆಳೆದರು. ದಶಕಗಳ ಮೌನದ ಬಳಿಕ ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತು ಒಂದಿಷ್ಟು ಪರಿಹಾರ ಕೊಟ್ಟಿತು; 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಕಾಲ ಮೀರಿದೆಯೆಂದು ಅವರ ಅರ್ಜಿಯನ್ನು ತಳ್ಳಿಹಾಕಿತು.

ಮಕ್ಕಳು ಏನೂ ಅರಿಯದವರು ಎನ್ನುವುದು ಯಾರಿಗೂ ಕಷ್ಟವಲ್ಲ. ತಾಯಂದಿರು ತಾವಾಗಿಯೇ ಮನಸ್ಸು ಕೊಟ್ಟವರು, ಆದ್ದರಿಂದ ಅವರ ಪರ ಮಾತಾಡಲು ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ 2018ರಲ್ಲಿ ಪ್ರಧಾನಿಯಾಗಿದ್ದ ಎರ್ನಾ ಸೋಲ್‌ಬರ್ಗ್, ವಿಚಾರಣೆಯಿಲ್ಲದೆ ಯಾವ ಪ್ರಜೆಗೂ ಶಿಕ್ಷೆಯಾಗಬಾರದೆಂಬ ಮೂಲ ತತ್ವವನ್ನೇ ಅಂದಿನ ಆಡಳಿತ ಮುರಿದಿತ್ತೆಂದು ಒಪ್ಪಿಕೊಂಡರು. 1945ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದು ಆ ಮಾತು ಕೇಳಲು ಬದುಕಿ ಉಳಿದವರಿಗೆ ಆಗ 93 ವರ್ಷ.